ಅಂಗವಿಕಲ ಮಾಜಿ ಸೈನಿಕರ ಮನೆ ತೆರಿಗೆ ಮನ್ನಾ ಆಗಲಿ

ಮಾನ್ಯ ಸಂಪಾದಕರೆ,

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ವೇದಿಕೆಗಳಲ್ಲಿ ಸ್ಮರಿಸಲು ಕೊಡಗಿನಲ್ಲಿ ಯಾರೂ ಹಿಂಜರಿಯುವುದಿಲ್ಲ. ಆದರೆ ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾಗಿ ಊರಿಗೆ ಮರಳಿದ ಸಿಪಾಯಿಯ ಮನೆ ಕಂದಾಯದ ವಿಷಯ ಚರ್ಚೆಗೆ ಬರುವುದು ಅಪರೂಪ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಶೇ 100ರಷ್ಟು ಅಂಗವೈಕಲ್ಯವೆಂದು ಮಾನ್ಯತೆ ಪಡೆದ ಮಾಜಿ ಸೈನಿಕರು ತಾವು ವಾಸಿಸುವ ಸ್ವಂತ ಮನೆಗೆ ಆಸ್ತಿ ತೆರಿಗೆ ಕಟ್ಟಬೇಕಿಲ್ಲ. ಅಷ್ಟು ದೂರವೇಕೆ, ನೆರೆಯ ಮಹಾರಾಷ್ಟ್ರವೂ 2020ರಲ್ಲಿ ಮಾಜಿ ಸೈನಿಕರಿಗೆ ಇಂಥ ವಿನಾಯಿತಿ ಪ್ರಕಟಿಸಿತು.

ಅಂಗವೈಕಲ್ಯದ ಪ್ರಮಾಣ ಅವರ ಪಿಂಚಣಿ ಆದೇಶದಲ್ಲಿಯೇ ನಮೂದಾಗಿರುವಾಗ, ಜಡಿಮಳೆಯಲ್ಲಿ ಊರುಗೋಲು ಹಿಡಿದವರನ್ನು ಮಡಿಕೇರಿಯ ಏರು ಹತ್ತಿಸಿ ಮತ್ತೊಂದು ವೈದ್ಯಕೀಯ ಪ್ರಮಾಣಪತ್ರ ಕೇಳುವುದು ಅನಗತ್ಯ. ವಾಸದ ಒಂದು ಮನೆಗೆ ಮಾತ್ರ (ಹೋಂಸ್ಟೇ ಮಾಡಿದ ಕಟ್ಟಡಕ್ಕೆ ಖಂಡಿತ ಬೇಡ), ಸೈನಿಕನ ಕಾಲಾನಂತರ ಪತ್ನಿಗೂ ಮುಂದುವರಿಯುವಂತೆ, ಸಂಪೂರ್ಣ ವಿನಾಯಿತಿ ನೀಡಲು ರಾಜ್ಯ ಸರ್ಕಾರ ಆದೇಶ ಹೊರಡಿಸಬೇಕು.

– ಓದುಗ, ವಿರಾಜಪೇಟೆ