ಚಾಲಿ ಸುಲಿಯುವ ಕೈಗಳಿಗೆ ಥ್ಯಾಂಕ್ಸ್

ನಿನ್ನೆ ನಮ್ಮ ಪ್ರಾಜೆಕ್ಟ್ ರಿವ್ಯೂ ಮುಗಿಯಿತು. ವಾರದ ನಂತರ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದೇನೆ. ಎದ್ದ ಕೂಡಲೇ ಇದನ್ನು ಬರೆಯಬೇಕು ಅನಿಸಿತು.

ನಾನು ಕಾರವಾರದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಮನೆ ಶಿರಸಿ ಹತ್ತಿರ. ಫೋಟೋ ನೋಡಿ ಅಡಿಕೆ ಚಾಲಿಯೋ (ಒಣಗಿಸಿ ಸುಲಿದ ಒಳ್ಳೆಯ ಅಡಿಕೆ), ಬಿಳೆಗೋಟೋ, ಕೋಕಾವೋ (ಎರಡೂ ಕಡಿಮೆ ದರ್ಜೆಯವು) ಎಂದು ಹೇಳುವ ಪ್ರೋಗ್ರಾಂ ನಮ್ಮ ಪ್ರಾಜೆಕ್ಟ್. ಪ್ರೋಗ್ರಾಂ ಕಲಿಯಬೇಕಾದರೆ ಪ್ರತಿ ಫೋಟೋದ ಜೊತೆ ಸರಿಯಾದ ಉತ್ತರವನ್ನೂ ಕೊಡಬೇಕು. ಆ ಉತ್ತರ ನನಗೆಲ್ಲಿ ಗೊತ್ತು?

ಹೋದ ಭಾನುವಾರ ನಮ್ಮ ಜಗುಲಿಯಲ್ಲಿ ಚಾಲಿ ಸುಲಿಯುತ್ತಿದ್ದರು. ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಮುಂದೆ ಕೂತ ಅಕ್ಕಂದಿರು ಒಂದೊಂದೇ ಅಡಿಕೆ ಆರಿಸಿ ಕೊಟ್ಟರು. ಅನುಮಾನ ಬಂದರೆ ಕೈಯಲ್ಲಿ ತೂಗಿ ನೋಡುವುದು. "ಹಗೂರ ಅದೆ ತಂಗಿ, ಇದು ಕೋಕಾ." ಅವರಿಗೆ ಕೂಲಿ ಸುಲಿದ ಕೆ.ಜಿ. ಲೆಕ್ಕದಲ್ಲಿ. ನನಗಾಗಿ ಕೈ ನಿಲ್ಲಿಸಿದಷ್ಟು ಹೊತ್ತಿನ ಕೂಲಿ ಅವರಿಗೆ ನಷ್ಟವೇ ಅಲ್ವಾ? ಒಬ್ಬರೂ ಆ ಮಾತು ಎತ್ತಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದೆ. ಮಧ್ಯಾಹ್ನ ಇಂಟರ್ನಲ್ಸ್ ಪರೀಕ್ಷೆ, ಮಂಗಳವಾರ ಲ್ಯಾಬ್ ರೆಕಾರ್ಡ್. ಅದೇ ರಾತ್ರಿ ನಮ್ಮ ಮಾಡೆಲ್ (ಫೋಟೋ ನೋಡಿ ಕಲಿತ ಪ್ರೋಗ್ರಾಂ) 96% ಸರಿ ಉತ್ತರ ಕೊಟ್ಟಿತು. ತುಂಬಾ ಖುಷಿಯಾಯಿತು.

ಬುಧವಾರ ಸೀನಿಯರ್ ಅಕ್ಕ ಬಂದು ಒಂದೇ ಪ್ರಶ್ನೆ ಕೇಳಿದರು: "ಟೆಸ್ಟ್‌ಗೆ ಇಟ್ಟ ಅಡಿಕೆಯನ್ನು ಟ್ರೈನಿಂಗ್‌ನಲ್ಲೂ ತೋರಿಸಿದ್ದೀಯಾ?" ತೋರಿಸಿದ್ದೆವು. ಒಂದು ಅಡಿಕೆಗೆ ನಾಲ್ಕು ಮಗ್ಗುಲಿನ ನಾಲ್ಕು ಫೋಟೋ ತೆಗೆದು, ಎಲ್ಲವನ್ನೂ ಕಲೆಸಿ ಎರಡು ಪಾಲು ಮಾಡಿದ್ದೆವು. ಒಂದೇ ಅಡಿಕೆಯ ಮೂರು ಫೋಟೋ ಕಲಿಸುವ ಪಾಲಿಗೆ, ಒಂದು ಟೆಸ್ಟ್ ಪಾಲಿಗೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. ಅಡಿಕೆ ಲೆಕ್ಕದಲ್ಲಿ ಪಾಲು ಮಾಡಿ ಮತ್ತೆ ಓಡಿಸಿದರೆ 74%. ಅಕ್ಕ, ಆ ರಾತ್ರಿ ಒಂದು ಗಂಟೆಯವರೆಗೆ ನಮ್ಮ ಜೊತೆ ಕೂತಿರಿ. ನಾಳೆ ನಿಮ್ಮದೇ ಇಂಟರ್ವ್ಯೂ ಇದೆ ಅಂತ ಹೇಳಲೂ ಇಲ್ಲ. ನಾನು ಮರೆಯುವುದಿಲ್ಲ.

ಗುರುವಾರ ಮನೆಗೆ ಫೋನ್ ಮಾಡಿ ಅತ್ತುಬಿಟ್ಟೆ. ಆಯಿ (ಅಮ್ಮ) ಕೇಳಿದ್ದು ಇಷ್ಟೇ: "ಇನ್ನೆಷ್ಟು ಅಡಿಕೆ ಬೇಕು ಕೂಸೇ?" ಸಂಜೆ ಗುಡುಗಿನ ಮಳೆ. ಅಂಗಳದ ಅಡಿಕೆ ಬಾಚಿ ಒಳಗೆ ಹಾಕಿ, ಕರೆಂಟ್ ಬರುವವರೆಗೆ ಕಾದು, ಅದೇ ಅಕ್ಕಂದಿರು ಮತ್ತೆ 150 ಅಡಿಕೆ ಆರಿಸಿದರಂತೆ. ತಮ್ಮ ಒಂದೊಂದಕ್ಕೂ ನಂಬರ್ ಚೀಟಿ ಇಟ್ಟು ಫೋಟೋ ತೆಗೆದು ಕಳಿಸಿದ. ರೂಮ್‌ಮೇಟ್, ಎರಡು ದಿನ ನನ್ನ ಊಟದ ಡಬ್ಬಿ ಮಹಡಿ ಹತ್ತಿಸಿದ್ದಕ್ಕೆ ನಿನಗೆ ಬೇರೆಯೇ ಥ್ಯಾಂಕ್ಸ್.

ಆ ಫೋಟೋಗಳನ್ನೂ ಸೇರಿಸಿ ಕಲಿಸಿದ ಮೇಲೆ, ಶನಿವಾರ 83% ಎಂದು ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆವು. ಚಾಲಿಗೂ ಬಿಳೆಗೋಟಿಗೂ ಯಾಕೆ ಗೊಂದಲ ಅಂತ ಸರ್ ಕೇಳಿದರು. ಫೋಟೋದಲ್ಲಿ ತೂಕ ಕಾಣುವುದಿಲ್ಲ ಸರ್, ನಮ್ಮೂರ ಅಕ್ಕಂದಿರು ಕೈಯಲ್ಲಿ ಹಿಡಿದು ಹೇಳುತ್ತಾರೆ ಅಂದೆ. ಆ ಮಾತನ್ನು ರಿಪೋರ್ಟ್‌ನಲ್ಲಿ ಬರೆಯಲು ಹೇಳಿದ್ದಾರೆ. ಅವರೆಲ್ಲರ ಹೆಸರನ್ನೂ ಕೇಳಿಯೇ ಹಾಕುತ್ತೇನೆ.

ಶುಕ್ರವಾರ ರಾತ್ರಿ ಮನೆಗೆ ಬರುತ್ತೇನೆ. ಚಾಲಿ ಇನ್ನೂ ಬಾಕಿ ಇದೆಯಂತೆ. ನನಗೂ ಒಂದು ಮೆಟ್ಟುಗತ್ತಿ ಇಡಿ.