ಹತ್ತೂದು ಕಡೀ ಕೆಲಸ, ದೋಸ್ತ

ದೋಸ್ತ,

ಫೋಟೋ ಮುಟ್ಟಿದ್ವು. ಕುದರಿ ಚಂದ ಐತಿ, ಅದರಾಗ ಎರಡ ಮಾತಿಲ್ಲ. ಕಿವಿ ತುದಿ ಒಳಗ ಬಾಗಿ ಒಂದಕ್ಕೊಂದ ತಾಗೂದ ನೋಡಿದ್ರ ಮಾರವಾಡಿ ತಳಿ ರಕ್ತ ಇದ್ದಂಗ ಕಾಣತೈತಿ. ದತ್ತ ಜಯಂತಿಗೆ ಮಹಾರಾಷ್ಟ್ರದ ಸಾರಂಗಖೇಡಾ ಕುದರಿ ಬಜಾರಕ್ಕ ಹೋಗಿ, ತಾಪಿ ಹೊಳಿ ದಂಡಿ ಮ್ಯಾಲ ಅಷ್ಟೊಂದ ಕುದರಿ ನೋಡಿ, ಬರಿಗೈಲೆ ಬಾಗೇವಾಡಿಗೆ ತಿರುಗಿ ಬರೂ ಮನಶ್ಯಾ ನೀ ಅಲ್ಲಂತ ನನಗ ಮೊದಲ ಗೊತ್ತಿತ್ತು. ಆದ್ರ ಕಡೀಕ ಬರದೀಯಲ್ಲಾ, "ಬಸವ ಜಯಂತಿ ಮೆರವಣಿಗ್ಯಾಗ ಇದರ ಮ್ಯಾಲ ಕುಂತ ಹೋಗಾಂವ, ಹೆಂಗ ಹತ್ತಬೇಕ ಹೇಳು" ಅಂತ, ಅದ ನನಗ ಸೇರಲಿಲ್ಲ. ಹೆಂಗ ಹತ್ತಬೇಕನ್ನೂದ ಆಮ್ಯಾಲ ಹೇಳ್ತೀನಿ. ಮೊದಲ ಅದರ ವಯಸ್ಸಿನ ಲೆಕ್ಕ ಆಗಲಿ.

ಮಾರಿದಾಂವ "ಮೂರ ತುಂಬಿ ನಾಕರಾಗ ಐತಿ" ಅಂದನಂತ. ಅವನ ಮಾತ ಬಿಡು, ಬಾಯಿ ತಗದ ನೋಡು. ಹೋರಿ ಹಲ್ಲ ನೋಡ್ಕೋತ ಬೆಳದಾಂವ ನೀ, ಇದೇನ ಹೊಸಾ ವಿದ್ಯಾ ಅಲ್ಲ. ಫರಕ ಇಷ್ಟ: ದನಕ್ಕ ಮ್ಯಾಲ ಮುಂದಿನ ಹಲ್ಲ ಇರೂದಿಲ್ಲ, ಕುದರಿಗೆ ಮ್ಯಾಲ ಆರು, ಕೆಳಗ ಆರು ಇರ್ತಾವ. ನಡುವಿನ ಜೋಡಿ ಹಾಲಹಲ್ಲ ಬಿದ್ದ ಖಾಯಂ ಹಲ್ಲ ಬರೂದು ಎರಡೂವರಿ ವರ್ಷಕ್ಕ. ಅದರ ಮಗ್ಗಲದ್ದು ಮೂರೂವರಿಗೆ, ಮೂಲ್ಯಾಗಿನವು ನಾಕೂವರಿಗೆ. ಹಾಲಹಲ್ಲ ಸಣ್ಣವು, ಬೆಳ್ಳಗ ಇರ್ತಾವ, ಬುಡದಾಗ ಸೊರಗಿರ್ತಾವ. ಖಾಯಂ ಹಲ್ಲ ಅಗಲ, ಒಂದೀಟ ಹಳದಿ. ನೀ ಕಳಿಸಿದ ಬಾಯಿ ಫೋಟೋದಾಗ ನಡುವಿನ ಜೋಡಿ ಈಗಷ್ಟ ವಸಡ ಬಿಟ್ಟ ಮ್ಯಾಲ ಬರಾಕತ್ತಾವ. ಅಂದ್ರ ನಿನ್ನ ಕುದರಿ ಎರಡೂವರಿ ವರ್ಷದ್ದು. ಒಂದ ವರ್ಷದ ರೊಕ್ಕ ಹೆಚ್ಚಿಗಿ ಕೊಟ್ಟೀ, ಹೋಗಲಿ.

ಯಾಕ ಇಷ್ಟ ಹಲ್ಲ ಹಿಡಕೊಂಡ ಕುಂತಾನಂತ ನಗಬ್ಯಾಡ. ಕುದರಿ ಎಲುಬ ಕೆಳಗಿಂದ ಮ್ಯಾಲಕ್ಕ ಗಟ್ಟಿ ಆಕ್ಕೋತ ಹೋಗ್ತಾವ. ಗೊರಸಿನ ಮ್ಯಾಲಿನ ಸಣ್ಣ ಎಲುಬ ಒಂದ ವರ್ಷದ ಆಸುಪಾಸಿಗೆ ಬಲಿತಾವ. ಮುಂಗಾಲ ಮೊಣಕಾಲ ಮ್ಯಾಲಿನ ಎಲುಬಿನ ಬೆಳವಣಿಗಿ ನಿಲ್ಲಾಕ ಎರಡೂವರಿ ವರ್ಷ ಆದ್ರೂ ಬೇಕು. ಎಲ್ಲಾದಕ್ಕಿಂತ ತಡಾ ಬೆನ್ನಿನ ಮಣಿ, ಅವು ಪೂರ್ತಿ ಕೂಡಾಕ ಐದ ವರ್ಷ ದಾಟತೈತಿ. ನಾವು ಕುಂದ್ರೂದು ಕಾಲ ಮ್ಯಾಲ ಅಲ್ಲ, ಬೆನ್ನ ಮ್ಯಾಲ. ಬಜಾರದಾಗ ಮುಂಗಾಲ ತಿಕ್ಕಿ ನೋಡಿ "ಗಟ್ಟಿ ಐತಿ" ಅನ್ನೂ ಮಂದಿ ಬೆನ್ನಿನ ವಿಚಾರ ಎತ್ತೂದ ಇಲ್ಲ.

"ಹಂಗಾದ್ರ ಬೆಂಗಳೂರ ರೇಸಿನ್ಯಾಗ ಎರಡ ವರ್ಷದ ಕುದರಿ ಓಡಸ್ತಾರಲ್ಲ?" ಅಂತ ನೀ ಕೇಳಾಂವ, ನನಗ ಗೊತ್ತೈತಿ. ಓಡಸ್ತಾರ. ಆ ಕುದರಿ ತಳಿನ ಬ್ಯಾರೆ, ಅದರ ಮ್ಯಾಲ ಕುಂದ್ರೂ ಜಾಕಿ ಐವತ್ತ ಕಿಲೋದ ಆಸುಪಾಸಿನ್ಯಾಂವ, ದಿನಾ ಕಾಲ ಮುಟ್ಟಿ ನೋಡೂ ಡಾಕ್ಟರ ಅಲ್ಲೇ ಇರ್ತಾರ. ಅಷ್ಟಾದ್ರೂ ಕಾಲ ಕೆಟ್ಟ ಲಾಯ ಬಿಡೂ ಕುದರಿ ಕಡಿಮಿ ಇಲ್ಲ. ಎಳೀ ಕುದರಿನ ಕಟ್ಟಿ ಹಾಕಿ ಮೇಯಿಸು ಅಂತ ನಾ ಅನ್ನಾಕತ್ತಿಲ್ಲ. ಅದ ಓಡಾಡಬೇಕು, ಓಡಾಡಿದ್ರನ ಎಲುಬ ಗಟ್ಟಿ ಆಗೂದು. ಮ್ಯಾಲ ವಜ್ಜಿ ಹೇರೂದು, ಹಗ್ಗ ಕಟ್ಟಿ ಸಣ್ಣ ಸುತ್ತಿನ್ಯಾಗ ತಾಸಗಟ್ಟಲೆ ತಿರುಗಸೂದು, ಇವ ಎರಡ ಬ್ಯಾಡ.

ವಜ್ಜಿ ಮಾತ ಬಂತಲ್ಲ, ಮನ್ಯಾಗ ಟೇಲರ ಟೇಪ ಇದ್ರ ತುಗೋ. ಮುಂಗಾಲ ಹಿಂದ, ಹೆಗಲ ಮ್ಯಾಲ ಹಾಯಿಸಿ ಎದಿ ಸುತ್ತಳತಿ ಸೆಂಟಿಮೀಟರದಾಗ ಹಿಡಿ. ಭುಜದ ಮುಂದಿನ ಎಲುಬಿನಿಂದ ಕುಂಡಿ ಎಲುಬಿನ ತುದಿತನಾ ಉದ್ದ ಹಿಡಿ. ಸುತ್ತಳತಿನ ಸುತ್ತಳತಿಲೇ ಗುಣಸಿ, ಅದನ್ನ ಉದ್ದದಲೇ ಗುಣಸಿ, ಬಂದದ್ದನ್ನ 11,880ರಲೇ ಭಾಗಸು. ಕಿಲೋದಾಗ ತೂಕ ಅಂದಾಜ ಸಿಗತೈತಿ. ಸುತ್ತಳತಿ 160, ಉದ್ದ 145 ಅಂತ ಹಿಡಿ, ಸುಮಾರ 312 ಕಿಲೋ ಆತು. ಬಲಿತ ಕುದರಿ ಮ್ಯಾಲ ಅದರ ತೂಕದ ನೂರಕ್ಕ 20ಕ್ಕಿಂತ ಹೆಚ್ಚ ಹೇರಬಾರದಂತ ಲೆಕ್ಕ, ಜೀನು ಸುದ್ದಾ ಅದರಾಗನ ಬಂತು. ಅಂದ್ರ 62 ಕಿಲೋ. ಎಳೇದಕ್ಕ 15 ಹಿಡದ್ರ 47ರ ಒಳಗ. ನಿನ್ನ ತೂಕ ನಾ ಕೇಳೂದಿಲ್ಲ, ನೀನೂ ಹೇಳಬ್ಯಾಡ. ಮೊದಲ ಸಲ ಕುಂದ್ರಾಂವ ನೀ ಅಲ್ಲ, ಯಾವನರ ಹಗರ ಮೈ ಹುಡುಗ, ಅಂಜಲಾರದಾಂವ, ಆದ್ರ ಧಿಮಾಕ ಇಲ್ಲದಾಂವ.

ಈ ವರ್ಷ ಪೂರಾ ನೆಲದ ಮ್ಯಾಲಿನ ಕೆಲಸ ಮಾಡು. ಇದು ಸಣ್ಣ ಕೆಲಸ ಅನ್ನಾವ್ರಿಗೆ ನಾ ಅಂಕಲಿ ಕುದರಿ ತೋರಸ್ತೀನಿ. ನಮ್ಮ ಚಿಕ್ಕೋಡಿ ಕಡೆ ಅಂಕಲಿಯ ಶಿತೋಳೆ ಸರಕಾರರ ಮನಿಯಿಂದ ಪ್ರತಿ ವರ್ಷ ಆಷಾಢ ವಾರಿಗೆ, ಅಂದ್ರ ಪಂಢರಪುರದ ಪಾದಯಾತ್ರಿಗೆ, ಜ್ಞಾನೇಶ್ವರ ಮಹಾರಾಜರ ಪಾಲಖಿ ಮುಂದ ನಡಿಯೂ ಎರಡ ಕುದರಿ ಹೋಗ್ತಾವ, ಇಲ್ಲಿಂದ ಆಳಂದಿತನಾ ನಡಕೋತ. ಒಂದರ ಮ್ಯಾಲ ಧ್ವಜಾ ಹಿಡದ ಸವಾರ. ಇನ್ನೊಂದರ ಮ್ಯಾಲ ಯಾರೂ ಕುಂದ್ರೂದಿಲ್ಲ, ಅದು ಮಾವುಲಿ, ಅಂದ್ರ ಜ್ಞಾನೇಶ್ವರ ಮಹಾರಾಜರ ಕುದರಿ. ದಾರ್ಯಾಗ ಕುದರಿ ಸುತ್ತ ಓಡಸೂ ರಿಂಗಣದಾಗ ಸುತ್ತಲೂ ಲಕ್ಷಾಂತರ ಮಂದಿ, ತಾಳ, ಮೃದಂಗ, ಕೂಗು. ಅದರ ನಡುವ ಆ ಖಾಲಿ ಜೀನಿನ ಕುದರಿ ಸುತ್ತ ಹಾಕಿ ಓಡತೈತಿ, ಮುಗದ ಮ್ಯಾಲ ಮಂದಿ ಬಂದ ಕಾಲಧೂಳ ಹಣಿಗೆ ಹಚ್ಕೋತಾರ. ಬೆನ್ನ ಮ್ಯಾಲಿನ ಸವಾರ ಅದನ್ನ ಹಿಡದಿಟ್ಟಿಲ್ಲ. ನೆಲದ ಮ್ಯಾಲಿನ ಪಾಠದ ಬೆಲಿ ಇದರಾಗ ಕಾಣತೈತಿ.

ನೀನೂ ಅಲ್ಲಿಂದನ ಸುರು ಮಾಡು. ಹಗ್ಗ ಹಿಡದ್ರ ಜಗ್ಗಲಾರದ ಮಗ್ಗಲದಾಗ ನಡೀಬೇಕು, ನೀ ನಿಂತ್ರ ನಿಲ್ಲಬೇಕು, ಎದಿಗೆ ಬೆರಳ ಹಚ್ಚಿದ್ರ ಹಿಂದ ಸರೀಬೇಕು. ನಾಕೂ ಕಾಲ ಎತ್ತಿ ಕೊಡಬೇಕು, ಲಾಳ ಬಡಿಯಾಂವನ ಮುಂದೂ ಕೊಡಬೇಕು. ಆಮ್ಯಾಲ ಬೆನ್ನ ಮ್ಯಾಲ ಗೋಣಿಚೀಲ ಸವರು, ಬಿಡು, ಮತ್ತ ಸವರು. ಚೀಲ ಕೆಳಗ ಬಿದ್ರ ನೀ ಗಾಬರಿ ಆಗಬ್ಯಾಡ, ಅದೂ ಆಗೂದಿಲ್ಲ. ಜೀನು ಹೇರಿದ ದಿನ ಹೊಟ್ಟಿ ಪಟ್ಟಾ ಒಮ್ಮೆಲೆ ಬಿಗೀಬ್ಯಾಡ: ಒಂದ ತೂತ ಬಿಗಿ, ನಾಕ ಹೆಜ್ಜಿ ನಡೆಸು, ಮತ್ತೊಂದ ತೂತ. ಮೊದಲ ದಿನಾನ ಪಟ್ಟಾ ಜಗ್ಗಿ ಬಿಗಿಸಿಕೊಂಡ ಕುದರಿ ಜೀವಪೂರ್ತಿ ಜೀನು ಕಂಡ್ರ ಬೆನ್ನ ಉಬ್ಬಿಸಿಕೊಂಡ ನಿಲ್ಲತೈತಿ.

ವಿಜಯಪುರದ ಟಾಂಗಾದವ್ರ ಕಡೆ ಹೋಗಿ ಒಂದ ಸಂಜಿ ಕುಂತ ನೋಡು. ಹೊಸಾ ಕುದರಿನ ಅವ್ರು ಸೀದಾ ಗಾಡಿಗೆ ಹೂಡೂದಿಲ್ಲ. ಉದ್ದನ ಎರಡ ಹಗ್ಗ ಹಚ್ಚಿ ಹಿಂದಿಂದ ನಡಕೋತ ಹೊಡೀತಾರ, ಎಡಾ ಬಲಾ ತಿರಗೂದು, ನಿಲ್ಲೂದು, ಹಾರ್ನಿಗೆ ಬೆದರಲಾರದ್ದು, ಎಲ್ಲಾ ಹಂಗ ಕಲಸ್ತಾರ. ಸವಾರಿ ಕುದರಿಗೂ ಅದ ಪಾಠ ಬೇಕು. ಮ್ಯಾಲ ಕುಂತ ಮೊದಲ ಸಲ ಲಗಾಮ ಹಿಡದಾಗ ಆ ಹಿಡತದ ಅರ್ಥ ಅದಕ್ಕ ಮೊದಲ ತಿಳದಿರಬೇಕು.

ಲಗಾಮಿನ ಮಾತ ಅಂದ್ರ ನನಗ ಸಿಟ್ಟ ಬರತೈತಿ. ಬಜಾರದಾಗ ಮುಳ್ಳಿನ ಲಗಾಮ ರಾಜಾರೋಷ ಮಾರತಾರ. ನೀ ತಂದಿದ್ರ ತಿಪ್ಪಿಗೆ ಒಗಿ. ಅದನ್ನ ಬಳಸೂದು ಪ್ರಾಣಿ ಹಿಂಸಾ ತಡಿಯೂ 1965ರ ನಿಯಮದ ಪ್ರಕಾರ ಗುನ್ನೇ. ಗುನ್ನೇ ಇರಲಾರದಿದ್ರೂ ಎಳೀ ಬಾಯಿಗೆ ಅದನ್ನ ಹಾಕಾಂವ ಸವಾರ ಅಲ್ಲ. ನಿನ್ನ ಕುದರಿಗೆ ಈಗ ಹಲ್ಲ ಬದಲಾಗೂ ಕಾಲ, ವಸಡ ನೋಯತಿರ್ತಾವ. ದವಡಿ ಹಲ್ಲಿನ ಮುಂದ ಸಣ್ಣದೊಂದ ಮೊಳಕಿಯಂಥ ಹಲ್ಲ ಕೆಲವಕ್ಕ ಇರ್ತೈತಿ, ಕಬ್ಬಿಣ ಅಲ್ಲೇ ಒತ್ತತೈತಿ. ತಲಿ ಝಾಡಿಸಿದ್ರ "ಹಟಮಾರಿ" ಅಂತ ಬಡೀತಾರ, ಬಾಯಾಗ ಕೈ ಹಾಕಿ ನೋಡೂದಿಲ್ಲ. ಡಾಕ್ಟರಗ ತೋರಿಸು. ಅಲ್ಲೀತನಾ ಮುಖಕ್ಕ ಹಗ್ಗದ ಕಟ್ಟು ಸಾಕು.

ಈಗ ನೀ ಕೇಳಿದ್ದು. ನಡುವಿನ ಮಗ್ಗಲದ ಜೋಡಿ ಹಲ್ಲ ಬರಲಿ, ಅಂದ್ರ ಬರೂ ವರ್ಷ ಮಳಿ ಮುಗದ ನೆಲಾ ಹದಕ್ಕ ಬಂದಾಗ. ಮಳ್ಯಾಗ ನಿಮ್ಮ ಎರಿ ಹೊಲದಾಗ ಕಾಲ ಹುಗೀತಾವ, ಬ್ಯಾಸಗ್ಯಾಗ ನೆಲಾ ಬಿರಕ ಬಿಟ್ಟಿರ್ತೈತಿ, ಎರಡೂ ಕಾಲಿನ ನರಕ್ಕ ಕೆಟ್ಟ. ಮುಂಜಾನೆ ತಂಪಿನ್ಯಾಗ, ಸ್ವಲ್ಪ ನಡೆಸಿ ದಣಿಸಿ, ಆದ್ರ ಸೋಲಸಲಾರದ. ಒಬ್ಬಾಂವ ಹಗ್ಗ ಹಿಡದ ತಲಿ ಹಂತೇಲಿ ನಿಲ್ಲಬೇಕು. ಕಂಬಕ್ಕ ಮಾತ್ರ ಕಟ್ಟಬ್ಯಾಡ, ಬೆದರಿ ಜಗ್ಗಿದ್ರ ಕುತಗಿ ಹೋಗತೈತಿ, ಇಲ್ಲಾ ಹುಡುಗನ ಹೋಗತಾನ.

ಮೊದಲ ಕಟ್ಟಿ ಮ್ಯಾಲ ಹತ್ತಿ ಬರೇ ನಿಲ್ಲಬೇಕು. ಕುದರಿ ಕಣ್ಣ ತಲಿ ಎರಡೂ ಮಗ್ಗಲಕ್ಕ ಇರೂದರಿಂದ ಸುತ್ತಲಿಂದು ಹೆಚ್ಚೂಕಡಿಮಿ ಎಲ್ಲಾ ಕಾಣತೈತಿ. ಆದ್ರ ತನಗಿಂತ ಎತ್ತರದಾಗ, ಬೆನ್ನ ಹಂತೇಲಿ ಒಂದ ಜೀವ ಇರೂದು ಅದರ ಪಾಲಿಗೆ ಚಿರತಿ. ಎಡಗಣ್ಣಿಗೆ ಕಂಡ ಮನಶ್ಯಾ ಒಮ್ಮೆಲೆ ಬಲಗಣ್ಣಿಗೆ ಬಂದ್ರೂ ಬೆಚ್ಚತೈತಿ. ಅದಕ್ಕ ಎರಡೂ ಮಗ್ಗಲದಿಂದ ಮಾಡಬೇಕು, ಎಡಕ್ಕಷ್ಟ ಅಲ್ಲ. ಆಮ್ಯಾಲ ಹುಡುಗ ಹೊಟ್ಟಿ ಊರಿ ಬೆನ್ನ ಮ್ಯಾಲ ಅಡ್ಡ ಬೀಳಬೇಕು, ಒಂದ ಉಸರ ತುಗೊಂಡ ಇಳೀಬೇಕು. ಮತ್ತ. ಇನ್ನೊಂದ ಮಗ್ಗಲದಿಂದ ಮತ್ತ. ಉಸರ ಹಿಡದ ನಿಂತಿತಂದ್ರ, ಬಾಲ ಒಳಗ ಒತ್ತಿತಂದ್ರ, ಬೆನ್ನ ಕಮಾನ ಆತಂದ್ರ, ಇಳದ ಬಿಡಬೇಕು. ಬಾಯಿ ಚಪ್ಪರಿಸಿ ತಲಿ ಕೆಳಗ ಬಿಟ್ರ ಮುಂದಿನ ಹೆಜ್ಜಿ. ಕಾಲ ಆಚಿ ಹಾಕಿದ ದಿನಾನೂ ನೆಟ್ಟಗ ಕುಂದ್ರಬಾರದು, ಕುತಗಿಗೆ ಬಾಗಿ ಇರಬೇಕು, ಕೈಲೆ ಎರಡೂ ಕಡೆ ಸವರಬೇಕು, ಇಳೀಬೇಕು. ಅವತ್ತಿನ ಕೆಲಸ ಅಷ್ಟ. ರಿಕಾಬಿನ್ಯಾಗ ಕಾಲ ಹಾಕೂದು ಆಮ್ಯಾಲ, ಅದೂ ಹಿಮ್ಮಡ ಇದ್ದ ಬೂಟ ಹಾಕ್ಕೊಂಡ. ಚಪ್ಪಲ ಒಳಗ ತೂರಿ ಕಾಲ ಸಿಕ್ಕಿತಂದ್ರ ಕುದರಿ ಎಳಕೊಂಡ ಓಡತೈತಿ. ತಲಿಗೆ ಹೆಲ್ಮೆಟ್ಟು, ನಗಾವ್ರು ನಗಲಿ.

ನಡಿಯೂದು ಸುರು ಆದಾಗ ಸವಾರ ಬರೇ ವಜ್ಜಿ, ನಡೆಸಾಂವ ಹಗ್ಗದಾಂವ. ಹಗ್ಗದಾಂವ ಹೇಳೂದನ್ನ ಸವಾರ ಹೇಳೂದು, ಹಂಗ ನಿಧಾನಕ್ಕ ಕೈ ಬದಲಿ. ದುಲಕಿ ಓಟ ಅದಾದ ಮ್ಯಾಲ. ನಾಗಾಲೋಟದ ಆಸೆ ಆ ವರ್ಷ ಮರತ ಬಿಡು.

ಮತ್ತ ಮಂದಿನ ಕರೀಬ್ಯಾಡ. ನಿಮ್ಮ ಗೆಳ್ಯಾರ ಮೊಬೈಲ ಹಿಡದ ಸಿಳ್ಳಿ ಹೊಡೀತಾರ, ಕುದರಿ ನೆಗೀತೈತಿ, ಹುಡುಗ ಬೀಳತಾನ, ಆ ವಿಡಿಯೋನ ಎಲ್ಲಾರೂ ನೋಡತಾರ. ನೆಗಿದು ಒಬ್ಬನ್ನ ಕೆಡವಿದ್ರ ಮ್ಯಾಲಿಂದು ಹೋಗತೈತಿ ಅಂತ ಎಳೀ ಕುದರಿ ಒಂದ ಸಲಕ್ಕ ಕಲೀತೈತಿ, ಮರಸಾಕ ವರ್ಷ ಬೇಕು. ಮೊದಲ ಸವಾರಿ ಎಷ್ಟ ಸಪ್ಪಗ ಇರ್ತೈತೋ ಅಷ್ಟ ಛಲೋ. ಮಗ್ಗಲ ಹೊಲದಾಗ ಕೆಲಸ ಮಾಡಾವ್ರಿಗೂ ಗೊತ್ತಾಗಬಾರದು.

ಬಸವ ಜಯಂತಿಗೆ ಕರಕೊಂಡ ಹೋಗು, ಬ್ಯಾಡ ಅನ್ನೂದಿಲ್ಲ. ಹಗ್ಗ ಹಿಡದ, ಡಾಲ್ಬಿ ಸ್ಪೀಕರಿನಿಂದ ದೂರ, ಮೆರವಣಿಗಿ ಹಿಂದ ನಡೆಸು. ಗದ್ದಲ ಕೇಳಲಿ, ಮಂದಿ ನೋಡಲಿ, ಬೆವರಿದ್ರ ಮನಿಗೆ ತಿರುಗಿಸು. ಕಡ್ಲಿ, ಹುರಳಿ ಒಂದೀಟ ಕಡಿಮಿ ಮಾಡು. ಕೆಲಸ ಇಲ್ಲದ ಕುದರಿಗೆ ಅಷ್ಟ ಕಾಳ ತಿನಿಸಿದ್ರ ಮೈಯಾಗ ಬೆಂಕಿ ತುಂಬತೈತಿ, ಆಮ್ಯಾಲ ನಿಂದಲ್ಲ, ಅದರದ್ದ ನಡೀತೈತಿ.

ಅಳತಿ ಹಿಡದ ಕಳಸು, ತೂಕದ ಲೆಕ್ಕ ನಾ ಒಮ್ಮೆ ನೋಡತೀನಿ. ವೈನಿಗೆ ನಮಸ್ಕಾರ ಹೇಳು.

ನಿನ್ನ ದೋಸ್ತ,
ಚಿಕ್ಕೋಡಿ

ತಾ.ಕ.: ಧನುರ್ವಾಯುವಿನ ಇಂಜೆಕ್ಷನ್ ಮಾಡಿಸೀಯೋ ಇಲ್ಲೋ ಬರದಿಲ್ಲ. ಆ ರೋಗ ದನಕ್ಕಿಂತ ಕುದರಿಗೆ ಲಗೂನ ಹತ್ತತೈತಿ, ಗೊರಸಿಗೆ ಒಂದ ಮೊಳಿ ಚುಚ್ಚಿದ್ರ ಸಾಕು. ಮಾಡಿಸಿರಲಿಲ್ಲಂದ್ರ ನಾಳೆ ಮುಂಜಾನೆ ಪಶು ಆಸ್ಪತ್ರಿಗೆ ಹೋಗಿ ಕೇಳು, ಹಲ್ಲೂ ಅವಾಗ ತೋರಿಸು.