ಹೌಸ್ ಸರ್ಜನ್ ಮಗಳಿಗೆ ದೊಡ್ಡಪ್ಪನ ಪತ್ರ

ಚಿರಂಜೀವಿ ಮಗಳಿಗೆ, ಗಂಗಾವತಿಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವು ವಿಮ್ಸ್ ಎಂದೇ ಕರೆಯುತ್ತ ಬಂದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಿನ್ನ ಹೌಸ್ ಸರ್ಜನ್ ವರ್ಷ, ಅಂದರೆ ಎಂಬಿಬಿಎಸ್ ಓದಿನ ಕೊನೆಯ ತರಬೇತಿಯ ವರ್ಷ, ಆರಂಭವಾದ ಸುದ್ದಿ ತಿಳಿದು ಮನಸ್ಸು ತುಂಬಿ ಬಂತು. ಆದರೆ ರೋಗಿಗಳು ನಿಮ್ಮನ್ನು ಸಣ್ಣ ಡಾಕ್ಟರ್ ಎಂದು ಬದಿಗಿಟ್ಟು ದೊಡ್ಡ ಡಾಕ್ಟರನ್ನೇ ಕೇಳುತ್ತಾರೆಂದು ನೀನು ಫೋನಿನಲ್ಲಿ ನೊಂದುಕೊಂಡದ್ದು ನನ್ನನ್ನು ಕಾಡುತ್ತಿದೆ. ನಾನು ವೈದ್ಯನಲ್ಲ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ಬೇರೊಂದು ಊರಿನ ಬೋಧನಾ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದಾಗ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೊದಲ ದಿನ ಬಂದ ಹುಡುಗ ಹೆಸರು ಹೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮೂರು ಸಲ ಚುಚ್ಚಿದರೂ ನರ ಸಿಗದಿದ್ದಾಗ ಮಾತಿಲ್ಲದೆ ಟ್ರೇ ಎತ್ತಿಕೊಂಡು ಹೊರಟುಹೋದ. ನನಗೇನೋ ಆಗಬಾರದ್ದು ಆಗಿದೆ ಎಂಬ ಹೆದರಿಕೆಯಲ್ಲಿ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಸ್ಟೂಲ್ ಎಳೆದುಕೊಂಡು ಕುಳಿತು, "ಅಜ್ಜಾರ, ನಾ ಇನ್ನೂ ಕಲಿಯಾಕತ್ತೀನಿ. ಒಂದ್ ಸಲ ನೋಡ್ತೀನಿ, ಸಿಗಲಿಲ್ಲಂದ್ರ ನಮ್ಮ ಪಿಜಿ ಮೇಡಮ್‌ನ ಕರೀತೀನಿ" ಎಂದಳು. ಆಕೆಗೂ ನರ ಸಿಗಲಿಲ್ಲ. ಆದರೆ ಹೇಳಿದಂತೆಯೇ, ಎಂಬಿಬಿಎಸ್ ಮುಗಿಸಿ ಮೇಲಿನ ಓದು ಓದುತ್ತಿದ್ದ ಆ ಪಿಜಿ ಮೇಡಮ್ಮನ್ನು ಕರೆತಂದು, ಅವರು ಚುಚ್ಚಿ ಸಲೈನ್ ಹಚ್ಚುವವರೆಗೂ ನನ್ನ ಮೊಣಕೈ ಹಿಡಿದು ನಿಂತಿದ್ದಳು. ಡಿಸ್ಚಾರ್ಜ್ ಆಗುವ ತನಕ ನಾನು ದಿನವೂ ಆಕೆಯ ಡ್ಯೂಟಿಯನ್ನೇ ಕಾಯುತ್ತಿದ್ದೆ.

ಆದುದರಿಂದ ಮಗಳೇ, ಕಲಿಯುತ್ತಿದ್ದೇನೆಂಬುದನ್ನು ರೋಗಿಯಿಂದ ಮುಚ್ಚಿಡಬೇಡ. ನಿನ್ನ ಹೆಸರು, ನೀನು ಮಾಡಲಿರುವ ಕೆಲಸ, ನಿನ್ನ ಮೇಲೆ ಯಾವ ಡಾಕ್ಟರ್ ಇದ್ದಾರೆ ಎಂಬುದನ್ನು ಮೊದಲೇ ಹೇಳಿ, ಒಪ್ಪಿಗೆ ಕೇಳಿಯೇ ಮೈ ಮುಟ್ಟು. ಕೇಳಿ ಬಂದು ಹೇಳುತ್ತೇನೆಂದು ಮಾತು ಕೊಟ್ಟರೆ, ಎಷ್ಟೇ ಕೆಲಸವಿದ್ದರೂ ಮರಳಿ ಹೋಗು. ಹಾಗೆ ಹೇಳಿಹೋದವರ ದಾರಿ ನೋಡುತ್ತಾ ಊಟ ಬಿಟ್ಟು ಕುಳಿತವರನ್ನು ನಾನು ಆ ವಾರ್ಡಿನಲ್ಲಿ ನೋಡಿದ್ದೇನೆ. ರೋಗಿಯ ಮಾತನ್ನು ನಡುವೆ ತಡೆಯದೆ ಕೇಳು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ಅವರ ಅಧ್ಯಯನದಲ್ಲಿ, ರೋಗಿಗಳು ಕಷ್ಟ ಹೇಳತೊಡಗಿದ ಸರಾಸರಿ 18 ಸೆಕೆಂಡಿಗೇ ವೈದ್ಯರು ಅವರ ಮಾತು ತಡೆದದ್ದು ಕಂಡುಬಂದಿತ್ತು. ಕೂಲಿ ಬಿಟ್ಟು ಸಿರುಗುಪ್ಪದಿಂದ ಬೆಳಗಿನ ಬಸ್ಸಿಗೆ ಬಂದ ಹೆಣ್ಣುಮಗಳಿಗೆ ಅಷ್ಟರಲ್ಲಿ ಊರಿನ ಹೆಸರು ಹೇಳಿಯೂ ಮುಗಿದಿರುವುದಿಲ್ಲ. ಆಂಧ್ರದ ರಾಯದುರ್ಗ, ಆಲೂರಿನ ಕಡೆಯವರೂ ನಿಮ್ಮಲ್ಲಿಗೆ ಬರುತ್ತಾರಾದ್ದರಿಂದ, ನೋವು ಎಲ್ಲಿ, ಎಷ್ಟು ದಿನದಿಂದ ಎಂದು ಕೇಳುವಷ್ಟು ತೆಲುಗನ್ನಾದರೂ ಕಲಿತುಕೋ.

ನಿದ್ದೆಗೆಟ್ಟ ಡ್ಯೂಟಿಯಲ್ಲಿ ಇದೆಲ್ಲ ಸುಲಭವಲ್ಲವೆಂದು ಬಲ್ಲೆ. ಹೊತ್ತಿಗೆ ಸರಿಯಾಗಿ ಉಣ್ಣು. ರಜೆ ಸಿಕ್ಕಾಗ ಊರಿಗೆ ಬಾ, ಈ ಸಲ ನನ್ನ ಕಾಲಿನ ಪಟ್ಟಿಯನ್ನು ನೀನೇ ಬಿಚ್ಚಿ ನೋಡಬೇಕು.

ಇಂತಿ ನಿನ್ನ ದೊಡ್ಡಪ್ಪ